ಒಂಬತ್ತನೆಯ ತಟ್ಟೆ

ನನ್ನ ಸೋದರಮಾವನಿಗೆ ಮನುಷ್ಯರ ಮೇಲೆ ಎಳ್ಳಷ್ಟೂ ಅನುಮಾನವಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನ ಕೈಗೆ ಪೆಟ್ಟಿಗೆ ಕೊಟ್ಟು ಟೀ ಕುಡಿಯಲು ಇಳಿದುಹೋಗುತ್ತಾರೆ. ಅವರ ಅನುಮಾನವೆಲ್ಲ ಬಾಳೆಹಣ್ಣಿನ ಮೇಲೆ! ಆಮೇಲೆ ತೊಗರಿಬೇಳೆಯ ಮೇಲೆ, ಹುಣಸೆಬೀಜದ ಮೇಲೆ, ಪೊರಕೆಕಡ್ಡಿಯ ಮೇಲೆ. ಒಮ್ಮೆಯಂತೂ ಪಕ್ಕದ ಮನೆಯ ಹಿರಿಯರೊಬ್ಬರು ಪೂಜೆ ಮುಗಿಸಿ ಕಿವಿಗೆ ಸಿಕ್ಕಿಸಿಕೊಂಡಿದ್ದ ತುಳಸಿ ದಳದ ಮೇಲೆ. ಉತ್ಪ್ರೇಕ್ಷೆ ಅಂದುಕೊಂಡಿರಾ? ಸೇಲಂ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ನಿಂತವಳು ನಾನು. ಸಾಕ್ಷಿ ಇಲ್ಲದೆ ಬಾಯಿ ಬಿಡುವವಳಲ್ಲ.

ಮಾವ ಬಂದರೊಂದರಲ್ಲಿ ಕೆಲಸಕ್ಕಿದ್ದರು. ಪರದೇಶದಿಂದ ಬಂದಿಳಿಯುವ ಕಾಳು, ಹಣ್ಣು, ಮರ, ಬೀಜ, ಗಿಡಗಳಲ್ಲಿ ರೋಗ ಇದೆಯೇ, ಹುಳ ಇದೆಯೇ ಎಂದು ತಪಾಸಣೆ ಮಾಡುವವರ ಮೇಲ್ವಿಚಾರಕರು. ಅಂದರೆ ಇನ್‌ಸ್ಪೆಕ್ಟರುಗಳು ಹುಳ ಹುಡುಕುತ್ತಾರೆ. ಅವರು ಸರಿಯಾಗಿ ಹುಡುಕಿದರೇ ಎಂದು ಇವರು ಹುಡುಕುತ್ತಾರೆ. ಒಂದೇ ಒಂದು ದುಂಬಿಗಾಗಿ ಇಡೀ ಹಡಗನ್ನು ಹನ್ನೊಂದು ದಿನ ನೀರಿನ ಮೇಲೆ ನಿಲ್ಲಿಸಿದ್ದು ಅವರ ಜೀವಮಾನದ ಹೆಮ್ಮೆ. ಈ ಕತೆ ಬಂದಾಗಲೆಲ್ಲ ನಮ್ಮಪ್ಪ ನಿಟ್ಟುಸಿರು ಬಿಡುತ್ತಿದ್ದರು. "ಓಮಲೂರು ಬಸ್‌ಸ್ಟ್ಯಾಂಡ್ನಾಗೆ ನಾನು ಕೈ ತೋರ್ಸಿದ್ರೆ ಟೌನ್ ಬಸ್ಸೇ ನಿಲ್ಲಲ್ಲ. ಈ ಮನುಷ್ಯ ಅಡಗು ನಿಲ್ಲುಸ್ತಾನಂತೆ!"

ವರ್ಷಕ್ಕೆರಡು ಸಲ ರಜೆಯಲ್ಲಿ ಓಮಲೂರಿನ ನಮ್ಮ ಮನೆಗೆ ಬರುತ್ತಿದ್ದರು. ಬಂದವರು ಸೀದಾ ಒಳಗೆ ಬರುವುದುಂಟೇ? ಗೇಟಿನ ಹೊರಗೇ ನಿಂತು, ಬೀದಿಯವರೆಲ್ಲ ನೋಡುತ್ತಿರುವಾಗ, ಪ್ಯಾಂಟಿನ ಕಾಲ್ಮಡಿಕೆ ಬಿಚ್ಚಿ ಕೊಡವಿ, ಅಂಟಿಕೊಂಡ ಹುಲ್ಲಿನ ಬೀಜಗಳನ್ನು ಒಂದೊಂದಾಗಿ ಕಿತ್ತು ಬೆಂಕಿಪೊಟ್ಟಣದೊಳಗೆ ಹಾಕಿಕೊಳ್ಳುತ್ತಿದ್ದರು. "ನನ್ನಿಂದ ನಿಮಗೇನೂ ಬರಬಾರ್ದು ನೋಡು" ಎನ್ನುತ್ತಿದ್ದರು. ಅವರಿಂದ ನಮಗೆ ಯಾವತ್ತೂ ಏನೂ ಬರಲಿಲ್ಲ, ನಿಜ. ಒಂದು ಸೀಬೆಹಣ್ಣು ಕೂಡ!

ಕಾಲು ತೊಳೆದ ಮರುಕ್ಷಣ ಅಡುಗೆಮನೆ. ಅಮ್ಮನ ಬೇಳೆಡಬ್ಬವನ್ನು ಬಿಳಿ ಪಿಂಗಾಣಿ ತಟ್ಟೆಗೆ ಸುರಿದು, ಜೇಬಿನಿಂದ ಭೂತಗನ್ನಡಿ ತೆಗೆದು, ನೆಲಕ್ಕೆ ಕೂತುಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಂದು ಆನಂದದ ಕೂಗು. "ಸಿಕ್ತು ಉಳ! ಲೈವ್!"

"ಅಣ್ಣಯ್ಯ, ಅದು ಪರದೇಶದ್ದಲ್ಲ, ನಮ್ಮನೇದೇ. ಊಟಕ್ಕೆ ಏಳು" ಎಂದು ಅಮ್ಮ ಕೈಮುಗಿಯುತ್ತಿದ್ದಳು.

"ಮನೇದು ಅಂತ ಸುಮ್ನಿದ್ದಿದ್ಕೇ ದೇಶ ಇಂಗಾಗಿರೋದು!" ಅದೂ ಊಟದ ಹೊತ್ತಿನಲ್ಲಿ, ಅದೂ ಸಾಂಬಾರು ಕುದಿಯುತ್ತಿರುವಾಗ. ಆ ಸಾಂಬಾರಿನಲ್ಲಿ ಯಾವ ಡಬ್ಬದ ಬೇಳೆ ಇದೆ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು ಹೇಳಿ?

ನನಗೂ ಅವರಿಗೂ ನೇರ ಯುದ್ಧ ಶುರುವಾದದ್ದು ನನ್ನ ಬಹುಮಾನಗಳ ಕಪಾಟಿನಿಂದ. ಯಾವುದೋ ವಿದೇಶಿ ಯಂತ್ರ ಬಂದಿದ್ದ ಮರದ ಪೆಟ್ಟಿಗೆಯನ್ನು ಅಪ್ಪ ತಂದು, ಅಡ್ಡಲಾಗಿ ಎರಡು ಹಲಗೆ ಹೊಡೆಸಿ, ನನಗೆ ಕಪಾಟು ಮಾಡಿಕೊಟ್ಟಿದ್ದರು. ಮಾವ ಅದಕ್ಕೆ ಕಿವಿಯಿಟ್ಟು, ಡಾಕ್ಟರು ಎದೆ ಬಡಿದು ನೋಡುವಂತೆ ಎರಡು ಬೆರಳಿನಿಂದ ಬಡಿದರು. ಸಂಜೆ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಕಪಾಟು ಬಚ್ಚಲ ಹಂಡೆಯ ಕೆಳಗೆ ಉರಿಯುತ್ತಿತ್ತು. ನನ್ನ ಏಳು ಕಪ್ಪುಗಳು ನೆಲದ ಮೇಲೆ ಅನಾಥವಾಗಿ ನಿಂತಿದ್ದವು.

"ಮಾವ, ಹುಳಕ್ಕೆ ಗಡಿ ಅಂದ್ರೆ ಗೊತ್ತಾ? ಹಕ್ಕಿ ಕಾಲಿಗೆ ಅಂಟ್ಕೊಂಡು ಬರಲ್ವಾ? ಗಾಳೀಲಿ ತೇಲ್ಕೊಂಡು ಬರಲ್ವಾ? ಗಾಳಿಗೂ ಪಾಸ್‌ಪೋರ್ಟ್ ಕೇಳ್ತೀರಾ?" ಎಂದು ಬಾಣ ಬಿಟ್ಟೆ. ಅಂತರಕಾಲೇಜು ಸ್ಪರ್ಧೆಯಲ್ಲಾದರೆ ಇಲ್ಲಿಗೆ ಚಪ್ಪಾಳೆ ಬೀಳಬೇಕು.

ಮಾವ ಬೆಂಕಿಗೆ ಇನ್ನೊಂದು ಹಲಗೆ ತಳ್ಳಿದರು. "ಗಾಳಿ ನನ್ನ ಡಿಪಾರ್ಟ್‌ಮೆಂಟ್ ಅಲ್ಲಮ್ಮಿ."

ಇಲ್ಲಿಯವರೆಗೆ ನಗಬಹುದಿತ್ತು. ಅಕ್ಕನ ನಿಶ್ಚಿತಾರ್ಥ ಬಂತು ನೋಡಿ!

ಅಕ್ಕ ಧರ್ಮಪುರಿಯ ಆಫೀಸೊಂದರಲ್ಲಿ ಟೈಪಿಸ್ಟ್. ದಿನಾ ಅವಳ ಬಸ್ಸಿನಲ್ಲೇ ಓಡಾಡುತ್ತಿದ್ದ ಡ್ರಾಯಿಂಗ್ ಮಾಸ್ತರೊಬ್ಬರನ್ನು ಮೆಚ್ಚಿಕೊಂಡಿದ್ದಳು. ಅವರ ಮನೆಯವರು ಅದಿಯಮಾನ್‌ಕೋಟೆಯಲ್ಲಿ ಬೇಸಾಯ ಮಾಡುವವರು, ನಮ್ಮ ಹಾಗೇ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಎರಡೂ ಮನೆ ಒಪ್ಪಲು ಎರಡು ವರ್ಷ ಹಿಡಿಯಿತು. ಕಟ್ಟಕಡೆಗೆ ಒಪ್ಪಿದ್ದು ಮಾಸ್ತರ ಅಜ್ಜಿ. ಆ ಮನೆಯಲ್ಲಿ ಅಜ್ಜಿ 'ಹೂಂ' ಎನ್ನದೆ ಹಾಲು ಕೂಡ ಉಕ್ಕುವುದಿಲ್ಲ.

ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ತಟ್ಟೆ ತರುತ್ತಾರೆ. ಎಲೆಯಡಿಕೆ, ತೆಂಗು, ಹಣ್ಣು, ಅರಿಸಿನ, ಹೂವು, ಸೀರೆ, ಹೀಗೆ. ತಟ್ಟೆಗಳ ಸಂಖ್ಯೆ ಬೆಸವೇ ಆಗಿರಬೇಕು. ಐದು, ಏಳು, ಒಂಬತ್ತು. ಸಮ ಬಂದರೆ ಶುಭವಲ್ಲ. ಇದಕ್ಕೆ ಆಧಾರವೇನು ಎಂದು ನಾನು ಕೇಳಿದ್ದೆ. ಅಮ್ಮ ಸಟ್ಟುಗ ತೋರಿಸಿದ್ದಳು. ಮಾವನಿಂದಲೂ ಅವಳು ಆಣೆ ಮಾಡಿಸಿಕೊಂಡಿದ್ದಳು: ಅವತ್ತು ಭೂತಗನ್ನಡಿ ಹೊರಗೆ ಬರಕೂಡದು.

ಮಾವ ಮಾತಿಗೆ ತಪ್ಪಲಿಲ್ಲ. ಬಾಳೆಹಣ್ಣಿನ ತಟ್ಟೆ ಕಣ್ಣಮುಂದೆಯೇ ಹಾದುಹೋಯಿತು. ಮಾವಿನಹಣ್ಣಿನ ತಟ್ಟೆಯೂ ಹೋಯಿತು! ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಸೂರಿನ ತೊಲೆ ನೋಡುತ್ತ, ಬೆವರುತ್ತ ಕೂತಿದ್ದರು. ಎಂಟು ತಟ್ಟೆ ಹೀಗೇ ದಾಟಿದವು. ಒಂಬತ್ತನೆಯದನ್ನು ಅಜ್ಜಿ ತಾವೇ ಹಿಡಿದು ತಂದರು. ಹಿತ್ತಾಳೆ ತಟ್ಟೆಯಲ್ಲಿ ಒದ್ದೆ ಬಿಳಿಬಟ್ಟೆ, ಅದರೊಳಗೆ ಒಂದು ಮಲ್ಲಿಗೆಯ ಕಡ್ಡಿ.

"ಮಲೇಶಿಯಾ ಪಿನಾಂಗಿಂದ ತಂದಿದ್ದು" ಎಂದರು ಅಜ್ಜಿ, ಸಭೆಗೆಲ್ಲ ಕೇಳುವಂತೆ.

ಮಾವನ ಕೈ ತೊಡೆಯ ಕೆಳಗಿನಿಂದ ಹೊರಬಂತು. "ಅವ್ವಾ, ಸರ್ಟಿಫಿಕೇಟ್ ಐತಾ?"

"ಐತೆ ಕಣಪ್ಪ. ನಮ್ಮವ್ವ ಕೊಟ್ಟಿದ್ದು ಇದು." ಅಜ್ಜಿ ಖುಷಿಯಿಂದಲೇ ಹೇಳಿದರು. ಅವರ ಅಕ್ಕ ಮದುವೆಯಾಗಿ ಹಡಗು ಹತ್ತಿದಾಗ ತಾಯಿ ಹಿತ್ತಲ ಮಲ್ಲಿಗೆಯ ಒಂದು ಕಡ್ಡಿ ಕೊಟ್ಟು ಕಳಿಸಿದ್ದರಂತೆ. ಇಲ್ಲಿಯ ಬಳ್ಳಿ ಎಂದೋ ಒಣಗಿಹೋಯಿತು, ಅಲ್ಲಿಯದು ಹಬ್ಬಿತು. ಹೋದ ತಿಂಗಳು ಆ ಅಕ್ಕ ತೀರಿಕೊಂಡರು. ಕರ್ಮಕ್ಕೆ ಹೋದ ಅಜ್ಜಿ ಒಂದು ಕಡ್ಡಿ ಮುರಿದು, ಸೊಂಟಕ್ಕೆ ಸಿಕ್ಕಿಸಿಕೊಂಡು, ವಿಮಾನ ಹತ್ತಿ ಬಂದಿದ್ದರು. "ಯಾರೂ ಕೇಳ್ಲಿಲ್ಲ. ಇನ್ನು ಇದು ಈ ಉಡುಗಿ ಕೈಲಿ ಬೆಳೀಲಿ."

'ಯಾರೂ ಕೇಳ್ಲಿಲ್ಲ' ಎಂಬ ಮಾತಿಗೆ ಮಾವನ ಮುಖ ಸಾವಿನ ಸುದ್ದಿ ಕೇಳಿದವರ ಹಾಗಾಯಿತು. ನಾನು ನಡುವೆ ಹಾರಿದೆ. "ಮಾವ, ಇದು ಪರದೇಶದ ಗಿಡ ಅಲ್ಲ! ಇಲ್ಲೀದೇ, ವಾಪಸ್ ಬಂದಿದೆ. ನಿಮ್ಮ ಕಾನೂನು ಇದಕ್ಕೆ ಅನ್ವಯಿಸೋದೇ ಇಲ್ಲ."

"ಓಗುವಾಗ ಈ ಮಲ್ಲಿಗೆ ಒಬ್ಬಳೇ ಓದ್ಲು" ಎಂದರು ಮಾವ ಮೆಲ್ಲಗೆ. "ಬರುವಾಗ ಯಾರನ್ನ ಕರ್ಕೊಂಡು ಬಂದವ್ಳೋ?"

ಆಣೆಯಿತ್ತಲ್ಲ, ಭೂತಗನ್ನಡಿ ತೆಗೆಯುವಂತಿಲ್ಲ. ಮಾವ ಸೀದಾ ಹೋಗಿ ಪುರೋಹಿತರ ಮೂಗಿನ ಮೇಲಿದ್ದ ಕನ್ನಡಕ ಕಿತ್ತುಕೊಂಡರು! "ಎನ್ನ ಸಾರ್ ಇದು, ಕಣ್ಣು ತೆರಿಯಲೈಯೇ!" ಎಂದು ಅವರು ಕಣ್ಣು ಕಾಣದೆ ತಮಿಳಿನಲ್ಲಿ ಗೋಳಾಡುತ್ತ ಗಾಳಿಯನ್ನು ತಡಕಾಡಿದರು. ಮಾವ ಗಾಜನ್ನು ಕಡ್ಡಿಯ ಬುಡದಿಂದ ತುದಿಯವರೆಗೆ ಇಂಚಿಂಚಾಗಿ ಸರಿಸಿದರು. ಕೊನೆಗೆ ಒಂದು ಎಲೆ ಮಗುಚಿ ನನ್ನನ್ನು ಕರೆದು ತೋರಿಸಿದರು. ಎಲೆಯ ಅಡಿಯಲ್ಲಿ ಹತ್ತಿಯ ಚೂರಿನಂಥ ಬಿಳುಪು. ನೋಡುತ್ತಿದ್ದಂತೆ ಅದಕ್ಕೆ ಕಾಲುಗಳು ಮೂಡಿದವು. ನಡೆಯಿತು.

ತಲೆ ಎತ್ತುವಷ್ಟರಲ್ಲಿ ಮಾವ ಇಲ್ಲ, ಕಡ್ಡಿಯೂ ಇಲ್ಲ. ಹಿತ್ತಲಿನಿಂದ, ಹಂಡೆಯ ಒಲೆಯಿಂದ, ಹಸಿ ಸೌದೆ ಚುರುಗುಟ್ಟುವ ಸಣ್ಣ ಸದ್ದು.

ಅಜ್ಜಿ ಖಾಲಿ ತಟ್ಟೆ ಹಿಡಿದು ನಿಂತೇ ಇದ್ದರು. ಗಂಡಿನ ಚಿಕ್ಕಪ್ಪ ಬೆರಳು ಮಡಿಚಿ ಎಣಿಸಿದರು. "ಒಂಬತ್ತು ತಂದ್ವಿ. ಎಂಟಾಗೈತೆ."

ಅಮ್ಮ ಓಡಿಬಂದು ನಮ್ಮದೇ ಒಂದು ತಟ್ಟೆ ಬಾಳೆಹಣ್ಣು ಮುಂದಿಟ್ಟಳು. "ನಿಮ್ ತಟ್ಟೆ ನಮ್ ತಟ್ಟೆ ಎಂಗಾಯ್ತದಮ್ಮ?" ಎಂದರು ಚಿಕ್ಕಪ್ಪ. ಅರವತ್ತು ಜನಕ್ಕೆ ಮಾಡಿದ ಪಾಯಸ ಹಾಗೇ ಉಳಿಯಿತು. ಎಂಟು ತಟ್ಟೆಗಳು ಬಂದ ವ್ಯಾನಿನಲ್ಲೇ ವಾಪಸ್ ಹೋದವು.

ಅಕ್ಕ ಅಳಲಿಲ್ಲ. ಆ ರೇಷ್ಮೆಸೀರೆಯನ್ನು ಬಿಚ್ಚಲೂ ಇಲ್ಲ. ಅದೇ ಸೀರೆಯಲ್ಲಿ ಬಾವಿಯಿಂದ ನೀರು ಸೇದಿ, ಪಾಯಸದ ಪಾತ್ರೆಗಳನ್ನೆಲ್ಲ ಒಬ್ಬಳೇ ತಿಕ್ಕಿದಳು. ಮರುದಿನ ಮಾಸ್ತರು ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಗೆ ಫೋನು ಮಾಡಿದರು: ಅಜ್ಜಿ ಮಾತು ಬಿಟ್ಟಿದ್ದಾರೆ, ಅವರು ಬಾಯಿ ಬಿಡುವವರೆಗೆ ಮದುವೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೂ, ಅಜ್ಜಿ ಬೇಡವೆಂದರೆ ಮುಗಿಯಿತು.

"ಓಗಿ ತಪ್ಪಾಯ್ತು ಅನ್ನಿ ಭಾವ!" ಎಂದು ಅಪ್ಪ ಗುಡುಗಿದರು.

"ತಪ್ಪೇ ಮಾಡಿಲ್ವಲ್ಲ. ಉಳ ಇತ್ತು. ಸುತ್ತ ಎಷ್ಟು ಮಾವಿನ ತೋಪು ಐತೆ, ಗೊತ್ತಾ? ಬೇಕಿದ್ರೆ ನಿನ್ ಮಗಳನ್ನ ಕೇಳು, ಅವಳೂ ನೋಡವ್ಳೆ."

ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕನೂ. ಸಾಕ್ಷಿ ಇಲ್ಲದೆ ಮಾತಾಡದವಳು ನಾನು, ಸಾಕ್ಷಿಯೇ ನಾನಾಗಿದ್ದೆ. "ನನಗೆ... ಸರಿಯಾಗಿ ಕಾಣಲಿಲ್ಲ" ಎಂದೆ.

ಹೇಳಿದ ಮೇಲೆ ನನಗೇ ಆಘಾತವಾಯಿತು. ಅಷ್ಟು ಸಲೀಸಾಗಿ ಬಂತಲ್ಲ ಸುಳ್ಳು! ಮಾವ ನನ್ನನ್ನು ಒಮ್ಮೆ ನೋಡಿದರು.

ಮೂರನೆಯ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಆಫೀಸಿನ ಅಂಗಿ ಹಾಕಿಕೊಂಡು ಹೊರಟರು. "ಬಾರಮ್ಮಿ, ಅದಿಯಮಾನ್‌ಕೋಟೆಗೆ." ತೊಪ್ಪೂರಿನ ಘಾಟಿ ಹತ್ತುವ ಬಸ್ಸಿನಲ್ಲಿ ನಾನು ಮನಸ್ಸಿನಲ್ಲೇ ಭಾಷಣ ಸಿದ್ಧಮಾಡಿದೆ. ಮೂರು ಅಂಶ, ಒಂದು ಉದಾಹರಣೆ, ಕೊನೆಗೆ ಹೃದಯಸ್ಪರ್ಶಿ ಮುಕ್ತಾಯ.

ಅಜ್ಜಿ ಬೇವಿನ ಮರದಡಿ ಹಗ್ಗದ ಮಂಚದ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತಿದ್ದರು. ಮಾವ ಹೋಗಿ ಅವರ ಮುಂದೆ ನೆಲದ ಮೇಲೆ ಕೂತರು. ನಾನು ಗಂಟಲು ಸರಿಮಾಡಿಕೊಂಡೆ. "ಅಜ್ಜಿ, ಮೊದಲನೆಯದಾಗಿ..."

"ಇವಳ್ಯಾರು?" ಎಂದರು ಅಜ್ಜಿ ಮಾವನಿಗೆ. ಮೂರು ದಿನಗಳ ಮೇಲೆ ಅವರಾಡಿದ ಮೊದಲ ಮಾತು. "ಪೋದುಮ್ಮಾ, ಸಾಕು ಅನ್ನು ಅವಳಿಗೆ." ನನ್ನ ಭಾಷಣದ ಮೂರೂ ಅಂಶಗಳು ಅಲ್ಲೇ ಮಣ್ಣಾದವು.

ಕುಟ್ಟಾಣಿಯ ಸದ್ದು ನಿಂತಿತು. "ದಿನಾ ಇದೇ ಕೆಲ್ಸಾನೇನಪ್ಪ ನಿಂದು? ಇನ್ನೂ ಯಾರ್ಯಾರ್ದು ಸುಟ್ಟಿದ್ದೀಯಾ?"

ಮಾವ ಕಾನೂನು ಹೇಳುತ್ತಾರೆ ಎಂದುಕೊಂಡೆ. ಅವರು ಕಣ್ಣು ಮುಚ್ಚಿದರು. "ರಂಗೂನಿಂದ ಬಂದ ಮುದುಕ, ಒದ್ದೆ ಕಾಲುಚೀಲದಾಗೆ ಕರಿಬೇವಿನ ಬೇರು. ಮಗಳ ಮನೆಗೆ ಅಂದ. ಒಬ್ಬಳು ಮಗೀಗೆ ಕಟ್ಟಿದ್ದ ಉಡಿದಾರದಾಗೆ ಮೂರು ಹುಣಸೆಬೀಜ. ಕೊಲಂಬೋದಿಂದ ಬಂದ ಒಂದಮ್ಮ, ಹಾಲುಪುಡಿ ಡಬ್ಬದಾಗೆ ಮಣ್ಣು. ಗಿಡ ಇರ್ಲಿಲ್ಲ ಅವ್ವ, ಬರೀ ಮಣ್ಣು. ಯಾಕಮ್ಮಾ ಅಂದೆ. ಮನೇದು ಅಂದ್ಲು."

ಹೀಗೇ ಹೇಳುತ್ತ ಹೋದರು. ಅರ್ಧ ಗಂಟೆ! ಕಾಗದವಿಲ್ಲ, ಪಟ್ಟಿಯಿಲ್ಲ. ಯಾರು, ಯಾವ ಊರು, ಯಾವುದರಲ್ಲಿ ಸುತ್ತಿತ್ತು, ಯಾರಿಗೆ ಅಂತ ತಂದಿದ್ದರು. ಅಮ್ಮನ ಹುಟ್ಟಿದ ದಿನ ನೆನಪಿಲ್ಲದ ಮನುಷ್ಯ ಇವರೇನಾ?

ಕೊನೆಗೆ ಅಜ್ಜಿ ಕೇಳಿದರು. "ಸರಿ. ನಂದು?"

"ಒಂದು ಕಡ್ಡಿ ಅವ್ವ. ಗೇಣುದ್ದ. ಆರೆಲೆ. ಒಂದು ಹಳದಿ ತಿರುಗಿತ್ತು. ಕೆಳಗಿಂದ ಎರಡನೇ ಗೆಣ್ಣಿನಾಗೆ ಚಿಗುರು."

"ಚಿಗುರಾ?"

"ಊಂ. ಅಕ್ಕಿನುಚ್ಚಿನಷ್ಟು."

ನನಗೆ ಅವರು ತೋರಿಸಿದ್ದು ಹುಳವನ್ನು ಮಾತ್ರ. ಚಿಗುರನ್ನೂ ಕಂಡಿದ್ದರು. ಕಂಡೇ ಒಲೆಯ ಹತ್ತಿರ ಹೋಗಿದ್ದರು.

ಅಜ್ಜಿ ಕುಟ್ಟಾಣಿಯನ್ನು ಬದಿಗಿಟ್ಟರು. "ನಂಗೆ ಕಣ್ಣು ಮಂಜು ಕಣಪ್ಪ. ಒಂದು ತಿಂಗ್ಳು ನೀರು ಚಿಮುಕ್ಸಿದೆ. ಒಣಗೋಗೈತೆ, ನಮ್ಮಕ್ಕನ ಜೊತೇಲೇ ಇದೂ ಓಯ್ತು ಅಂದ್ಕೊಂಡೇ ತಟ್ಟೇಲಿಟ್ಟೆ. ಯಾರ್ಗೂ ಏಳ್ಲಿಲ್ಲ."

"ಓಗಿರ್ಲಿಲ್ಲ ಅವ್ವ. ಜೀವ ಇತ್ತು."

ಇನ್ನು ನನ್ನಿಂದ ತಡೆಯಲಾಗಲಿಲ್ಲ. "ಹುಳಾನೂ ಇತ್ತು ಅಜ್ಜಿ. ನಾನೇ ನೋಡಿದೆ. ಮನೇಲಿ ಸುಳ್ಳು ಹೇಳ್ಬಿಟ್ಟೆ."

"ಇರ್ಲಿ ಬಿಡಮ್ಮಿ" ಎಂದರು ಅಜ್ಜಿ ನನ್ನ ಕಡೆ ತಿರುಗದೆಯೇ. "ಒಣಗಿರೋ ಕಡ್ಡೀಗೆ ಉಳ ಯಾಕ್ ಬರ್ತದೆ?" ಆಮೇಲೆ ಒಳಗಿನವರಿಗೆ ಕೂಗಿದರು. "ಲೇ, ಯಾರ್ಲಾ ಅಲ್ಲಿ? ಇವರಿಬ್ಬರಿಗೂ ಎಲೆ ಆಕ್ರಿ. ಅಯ್ಯರಿಗೆ ಏಳಿಕಳ್ಸಿ, ಮದ್ವೆಗೆ ದಿನ ನೋಡಾಣ."

ಒಳಗೆ ಪಾತ್ರೆಗಳ ಸದ್ದಾಯಿತು. ಮಾವ ಮಾತ್ರ ಏಳಲಿಲ್ಲ. ಅಜ್ಜಿ ಮುಂದಕ್ಕೆ ಬಾಗಿ ಗುಟ್ಟು ಕೇಳುವವರಂತೆ ಕೇಳಿದರು. "ಚಿಗುರು ಎಷ್ಟಿತ್ತು ಅಂದೆ?"

ಮಾವ ಕಿರುಬೆರಳಿನ ಉಗುರಿನ ತುದಿಯನ್ನು ತೋರಿಸಿದರು. ಅಜ್ಜಿ ಆ ಬೆರಳನ್ನು ಹಿಡಿದು, ಮಂಜುಗಟ್ಟಿದ ಕಣ್ಣಿನ ಹತ್ತಿರಕ್ಕೆ ತಂದುಕೊಂಡು, ಬಹಳ ಹೊತ್ತು ನೋಡಿದರು.