ದಾಮೋದರ ಭಾವನ ಸ್ವಂತ ಎಂಜಿನ್

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ನಂತರ ನಮ್ಮ ಗಂಗೊಳ್ಳಿಯಲ್ಲಿ ಇಷ್ಟು ಗಂಭೀರವಾದ ಪ್ರಶ್ನೆ ಎದ್ದದ್ದಿಲ್ಲ: ವಾಟರ್ ಸ್ಕೂಟರಿನ ಸುಟ್ಟ ಎಂಜಿನ್ನನ್ನು ವರ್ಕ್‌ಶಾಪಿನಲ್ಲಿ ಬದಲಾಯಿಸಬೇಕೋ, ಮನೆಯಲ್ಲೇ ಬದಲಾಯಿಸಬೇಕೋ?

ಸ್ಕೂಟರು ನನ್ನ ಅಕ್ಕ ವನಜಾಕ್ಷಿಯದು. ಪ್ರವಾಸಿಗರನ್ನು ಅಲೆಗಳ ಮೇಲೆ ಕುಣಿಸಿ ತರುವ ಸವಾರಿಗೆ ಪರವಾನಿಗೆ ಬೇಕು. ಅದಕ್ಕಾಗಿ ಆ ಸಂಜೆ ಅಧಿಕಾರಿಯೊಬ್ಬರು ಅದರಲ್ಲಿ ಕೂತು ಒಂದು ಸುತ್ತು ಹೋಗಿ ಬರುವವರಿದ್ದರು. ತಪ್ಪಿದರೆ ಇಡೀ ಸೀಸನ್ ಹೋದಂತೆ.

"ನಾನ್ ಇಲ್ಲೇ ಇಪ್ಪತಿಗೆ ವರ್ಕ್‌ಶಾಪ್ ಎಂತಕ್ಕೆ?" ಎಂದ ದಾಮೋದರ ಭಾವ.

"ನೀವ್ ಇಪ್ದೇ ನಂಗ್ ಹೆದ್ರಿಕಿ!" ಎಂದಳು ಅಕ್ಕ.

ಭಾವ ತಾನೇ ಕಟ್ಟಿದ ಹೊಸ ಎಂಜಿನ್ನನ್ನು ಅಂಗಳದ ಡ್ರಮ್ಮಿನ ನೀರಿಗೆ ಇಳಿಸಿ ಗುಂಡಿ ಒತ್ತಿದ. ಅರ್ಧ ಡ್ರಮ್ ನೀರು ಹಾರಿ, ಒಣಹಾಕಿದ ಸೀರೆಗಳೆಲ್ಲ ಮತ್ತೆ ಒದ್ದೆಯಾದವು.

"ಕಂಡ್ಯಾ ಪವರ್! ಇದಕ್ಕೆ ಮಿದುಳೂ ಇತ್ತ್!"

ಇತ್ತು. ಸಮುದ್ರದ ಬುದ್ಧಿ ಬರಲೆಂದು, ಬಂದರಿನ ಕಟ್ಟೆಯಲ್ಲಿ ಕೂರುವ ಹಳೆಯ ದೋಣಿ ಯಜಮಾನರ ಮಾತನ್ನೆಲ್ಲ ಭಾವ ಅದಕ್ಕೆ ತಿಂಗಳುಗಟ್ಟಲೆ ಕೇಳಿಸಿದ್ದ. ನಾವು ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಶ್ರದ್ಧೆಯಿಂದ ಅದು ಕಲಿತಿತ್ತು.

ಸಂಜೆ ಇಸ್ತ್ರಿ ಪ್ಯಾಂಟಿನ ಮೇಲೆ ಲೈಫ್ ಜಾಕೆಟ್ ತೊಟ್ಟು ಅಧಿಕಾರಿ ನಂಜುಂಡಾರಾಧ್ಯರು ಆ ಎಂಜಿನ್ ಕೂರಿಸಿದ ಸ್ಕೂಟರ್ ಏರಿದರು. ಅಹಾ, ಏನು ಸವಾರಿ! ದೊಡ್ಡ ಅಲೆ ಬಂದರೆ ಎಂಜಿನ್ ತಾನೇ ಓರೆಯಾಗಿ ದಾಟುತ್ತಿತ್ತು. ಆರಾಧ್ಯರು ಮಂತ್ರಿಗಳಂತೆ ಕೈಬೀಸಿದರು. ಅಕ್ಕನ ಮುಖ ಅರಳಿತು.

ದಡ ಇನ್ನೇನು ಬಂತು ಎನ್ನುವಾಗ ಸ್ಕೂಟರು ನಿಂತಿತು.

"ಮೀನ್ ಎಲ್ಲಿ?" ಎಂದಿತು ಎಂಜಿನ್, ಇಡೀ ಬೀಚಿಗೆ ಕೇಳುವಂತೆ.

"ಯಾವ ಮೀನು? ನಾನು ಮೊಟ್ಟೆ ಸಹ ಮುಟ್ಟಿದವನಲ್ಲ ಕಣಯ್ಯಾ!"

"ಮೀನ್ ಇಲ್ದೆ ದಡಕ್ಕೆ ಹೋಪ್ದಾ? ನಾಚ್ಕಿ ಆತಿಲ್ಯಾ?"

ಹಾಗೆಂದು ಅದು ಸಮುದ್ರದ ಕಡೆಗೇ ತಿರುಗಿ, ಮೀನು ಹುಡುಕುತ್ತ ಅಲ್ಲೇ ಸುತ್ತುಹಾಕತೊಡಗಿತು! ಖಾಲಿ ದೋಣಿ ತಂದವನನ್ನು ಕಟ್ಟೆಯ ಹಿರಿಯರು ಅವನ ಅಜ್ಜನ ಕಾಲದಿಂದ ಹಿಡಿದು ಆಡಿಕೊಳ್ಳುತ್ತಾರೆ. ಎಂಜಿನ್ನಿಗೆ ಆ ಪಾಠವೇ ಗಟ್ಟಿಯಾಗಿ ಹತ್ತಿತ್ತು.

"ಬಂದ್ ಮಾಡಿ ಅದನ್ನ್!" ಅಕ್ಕ ಕಿರುಚಿದಳು.

"ಬಂದ್ ಮಾಡುಕೆ ಗುಂಡಿ ಇಟ್ಟಿಲ್ಲೆ. ನಡು ನೀರಲ್ಲ್ ಬಂದ್ ಆರೆ ಅಪಾಯ ಅಲ್ದಾ?"

ಅಕ್ಕ ಮೀನು ಮಾರುವವಳ ಬುಟ್ಟಿಯಿಂದ ಒಂದು ಬಂಗುಡೆ ಕಸಿದು ನನ್ನ ಕೈಗಿತ್ತಳು. ನಾನು ಪುಟ್ಟ ಪಾತಿದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೋಗಿ ಅದನ್ನು ಸ್ಕೂಟರಿನ ಮೇಲೆಸೆದೆ. ಎಂಜಿನ್ ಒಂದು ಕ್ಷಣ ಯೋಚಿಸಿತು.

"ಇದ್ ಐಸಿನ ಮೀನ್!"

ಬೇರೆ ದಾರಿಯಿರಲಿಲ್ಲ. ದೋಣಿಯಲ್ಲಿದ್ದ ಗಾಳವನ್ನು ಆರಾಧ್ಯರ ಕೈಗೆ ಕೊಟ್ಟೆ. ಅವರು ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಜಪಿಸುತ್ತ ದಾರ ಬಿಟ್ಟರು.

"ಸಡ್ಲ ಬಿಡಿ! ಈಗ ಎಳೀರಿ! ಅಯ್ಯೋ, ಹಂಗಲ್ಲ ಮಾರಾಯ್ರೆ!" ಎಂಜಿನ್ ಬೈಯುತ್ತಲೇ ಕಲಿಸಿತು.

ಕೊನೆಗೂ ಒಂದು ಬಂಗುಡೆ ಪಟಪಟ ಹೊಡೆದುಕೊಳ್ಳುತ್ತ ಮೇಲೆ ಬಂತು. ಎಂಜಿನ್ ಸಂತೃಪ್ತಿಯಿಂದ ದಡದ ಕಡೆಗೆ ತಿರುಗಿತು. ಆಗ ಆರಾಧ್ಯರು ಹ್ಯಾಂಡಲ್ ತಟ್ಟಿದರು.

"ಏಯ್, ತಡಿಯಪ್ಪಾ! ಇನ್ನೊಂದು!"

ಕತ್ತಲಾಗುವ ಮೊದಲು ಆರಾಧ್ಯರೂ ಎಂಜಿನ್ನೂ ದಡಕ್ಕೆ ಬಂದರು. ಲೈಫ್ ಜಾಕೆಟ್ಟಿನ ತುಂಬ ಬಂಗುಡೆ. ಆರಾಧ್ಯರು ಒಂದನ್ನೂ ಮನೆಗೆ ಒಯ್ಯಲಿಲ್ಲ, ಲೆಕ್ಕಕ್ಕೆ ಮಾತ್ರ ಎರಡೆರಡು ಸಲ ಮುಟ್ಟಿ ನೋಡಿದರು.

ಮುಂದಿನ ವಾರ ಅಕ್ಕನ ವಾಟರ್ ಸ್ಕೂಟರಿಗೆ ಪರವಾನಿಗೆ ಬಂತು, ಮೀನುಗಾರಿಕೆ ದೋಣಿ ಎಂದು.