ಸನ್‌ಶೇಡಿಗೆ ಕಟ್ಟಿದ ಗೊಂಬೆ

ಕಪ್ಪಗಿರುವುದರಲ್ಲಿ ಕೆಲವು ಅನುಕೂಲಗಳಿವೆ. ಬೆಳ್ಳಗಿರುವವರಿಗೆ ಅದು ತಿಳಿಯುವುದಿಲ್ಲ, ಪಾಪ. ನಾನು ಶಾಲೆಗೆ ಹೋಗುತ್ತಿದ್ದಾಗ ವಾರ್ಷಿಕೋತ್ಸವದ ನಾಟಕದಲ್ಲಿ ನನಗೊಂದು ಪಾತ್ರ ಖಾಯಂ. ರಾಜಕುಮಾರಿಯಾಗಲು ಉಳಿದ ಹುಡುಗಿಯರು ಜುಟ್ಟು ಹಿಡಿದು ಜಗಳಾಡುತ್ತಿದ್ದರೆ ನಾನು ನೆಲಗಡಲೆ ತಿನ್ನುತ್ತ ನಿಶ್ಚಿಂತೆಯಿಂದ ಕೂತಿರುತ್ತಿದ್ದೆ. ರಾಕ್ಷಸಿಯ ಪಾತ್ರಕ್ಕೆ ಪೈಪೋಟಿ ಎಲ್ಲಿಂದ ಬರಬೇಕು? "ಇವಳಿಗೆ ಬಣ್ಣದ ಖರ್ಚೇ ಇಲ್ಲ" ಎಂದು ಮೇಷ್ಟ್ರು ಎಲ್ಲರೆದುರು ಹೇಳುತ್ತಿದ್ದರು. ಅದು ಮೆಚ್ಚುಗೆಯೆಂದೇ ನಾನು ಬಹಳ ಕಾಲ ನಂಬಿದ್ದೆ. ಆಮೇಲೆ ನಾನೇ ಟೀಚರಾದೆ, ಹಾಲಿನಂಥ ಬಣ್ಣದವರನ್ನು ಮದುವೆಯಾದೆ. ಹುಟ್ಟಿದ ಮಗಳು ಸುಮಿ ಮಾತ್ರ ಅಪ್ಪನ ಕಡೆ ತಿರುಗಿಯೂ ನೋಡದೆ ನನ್ನ ಬಣ್ಣವನ್ನೇ ಆರಿಸಿಕೊಂಡಳು.

ಸುಮಿಗೆ ಐದು ವರ್ಷವಾದಾಗ ಕೋಟೇಶ್ವರದಲ್ಲಿ ಹಳೇ ಮನೆಯ ಪಕ್ಕದಲ್ಲೇ ನಮ್ಮ ಹೊಸ ಮನೆ ಏಳುತ್ತಿತ್ತು. ಮುಂಬೈಯಲ್ಲಿ ಹೋಟೆಲು ನಡೆಸುವ ಭಾವ, ಅಂದರೆ ಇವರ ಅಣ್ಣ, ಬಸ್ಸಿನಲ್ಲಿ ಒಂದು ಕಟ್ಟು ಕಳಿಸಿದ್ದರು. ನಾನೂ ಸುಮಿಯೂ ಶಾಲೆಗೆ ಹೋಗಿದ್ದಾಗ ಅದು ಬಂತು, ಅತ್ತೆಯೇ ಬಿಚ್ಚಿದರು. ಒಳಗೊಂದು ಬಟ್ಟೆಯ ಗೊಂಬೆ. ಮಸಿಯಂಥ ಮುಖ, ಬಟ್ಟಲಿನಷ್ಟು ಅಗಲದ ಬಿಳಿ ಕಣ್ಣು, ಈ ಕಿವಿಯಿಂದ ಆ ಕಿವಿಯವರೆಗೆ ಕೆಂಪು ತುಟಿ, ತಲೆ ತುಂಬ ಉಣ್ಣೆಯ ಗುಂಗುರು ಕೂದಲು. ಅತ್ತೆಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. "ಕಾಣಿ, ನನ್ ದೊಡ್ಡ ಮಗನಿಗೆ ಎಷ್ಟ್ ನೆನ್ಪ್! ಹೊಸ ಮನಿಗೆ ಅಂದೇಳಿ ದೃಷ್ಟಿಬೊಂಬಿ ಕಳ್ಸಿದ್ದ" ಎಂದು ಮೇಸ್ತ್ರಿಯನ್ನು ಕರೆದು, ರಸ್ತೆಗೆ ಕಾಣುವಂತೆ ಸನ್‌ಶೇಡಿಗೆ ತಲೆಕೆಳಗಾಗಿ ಕಟ್ಟಿಸಿಯೇ ಬಿಟ್ಟರು. ಸಂಜೆ ಭಾವನ ಫೋನು ಬಂತು: "ಸುಮಿಗೆ ಗೊಂಬಿ ಇಷ್ಟ ಆಯ್ತಾ?"

ಸುಮಿ ಓಡಿದಳು, ಹಿಂದೆ ನಾವೆಲ್ಲ. ಸನ್‌ಶೇಡಿನ ಕೆಳಗೆ ನಿಂತು ಕತ್ತೆತ್ತಿ ನೋಡಿ ಕಿರುಚಿದಳು: "ಅಮ್ಮಾ, ಅದನ್ನ ಕೆಳ್ಗ್ ಇಳ್ಸ್! ಅದ್ಕೆ ತಲಿ ತಿರ್ಗತ್ತ್. ಕಾಣ್, ನಿನ್ ಹಾಂಗೇ ಇತ್ತ್!" ಇವರಿಗೆ ಅದೇ ಹೊತ್ತಿಗೆ ಕೆಮ್ಮು ಬಂತು, ಮುಖ ಆಚೆ ತಿರುಗಿಸಿದರು. ಅತ್ತೆ ಜಗ್ಗಲಿಲ್ಲ. "ಕಟ್ಟಿದ್ ದೃಷ್ಟಿಬೊಂಬಿ ಇಳ್ಸಿ ಮನಿ ಖಾಲಿ ಬಿಡುಕಾಗ. ಇಳ್ಸುದೇನಿದ್ರೂ ಮನಿ ಒಕ್ಕಲ್ ಆದ್ಮೇಲೆ." ಗೃಹಪ್ರವೇಶಕ್ಕೆ ಇನ್ನೂ ತಿಂಗಳುಗಟ್ಟಲೆ ಇತ್ತು. ಆವತ್ತಿನಿಂದ ಮಗು ಸರಿಯಾಗಿ ಉಣ್ಣಲಿಲ್ಲ. ತಟ್ಟೆಯ ಮುಂದೆ ಕೂರಿಸಿದರೆ "ಅದ್ ಉಂಡಿತಾ?" ಎಂದು ಕೇಳುತ್ತಿದ್ದಳು.

ಆ ಗೊಂಬೆಯನ್ನು ಎಲ್ಲೋ ನೋಡಿದ್ದೇನಲ್ಲ ಎಂದು ತಲೆ ಕೆರೆದುಕೊಂಡೆ. ನಮ್ಮ ಶಾಲೆಯ ಕಪಾಟಿನಲ್ಲಿ ಯಾರೋ ದಾನ ಕೊಟ್ಟ ಹಳೇ ಇಂಗ್ಲಿಷ್ ಚಿತ್ರಪುಸ್ತಕದಲ್ಲಿ ಇದೇ ಮುಖವಿತ್ತು. ಕದಿಯುವವನೂ ಅವನೇ, ಕೊನೆಗೆ ಪೆಟ್ಟು ತಿನ್ನುವವನೂ ಅವನೇ. ಕುಂದಾಪುರದ ಸೈಬರ್ ಕೆಫೆಯಲ್ಲಿ ಕೂತು ಇದರ ಜಾತಕ ಹುಡುಕಿದೆ. ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ ಹಿಂದೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು, ಕರಿಯರನ್ನು ಅಣಕಿಸಿ ವೇದಿಕೆಯ ಮೇಲೆ ಕುಣಿಯುತ್ತಿದ್ದರಂತೆ, ಜನ ಹೊಟ್ಟೆ ಹಿಡಿದು ನಗುತ್ತಿದ್ದರಂತೆ. ಆ ವೇಷವೇ ಕಥೆಪುಸ್ತಕಕ್ಕೆ ಇಳಿದು, ಅಲ್ಲಿಂದ ಗೊಂಬೆಯಾಗಿ ಮಕ್ಕಳ ಹಾಸಿಗೆಗೆ ಬಂತಂತೆ. ಕಪ್ಪು ಮಕ್ಕಳು ಶಾಲೆಯಲ್ಲಿ ಆ ಗೊಂಬೆಯ ಹೆಸರಿನಿಂದಲೇ ಕರೆಸಿಕೊಂಡು ಅಳುತ್ತಿದ್ದರಂತೆ. ದೊಡ್ಡವರಾಗಿ ಅವರು ಜಗಳಕ್ಕೆ ನಿಂತ ಮೇಲೆ ಅಂಗಡಿಯವರು ಒಬ್ಬೊಬ್ಬರಾಗಿ ಅದನ್ನು ಒಳಗಿಟ್ಟರಂತೆ. ನನಗೆ ಮೈಯೆಲ್ಲ ಉರಿಯಿತು. ನನ್ನ ರಾಕ್ಷಸಿ ಪಾತ್ರಗಳಷ್ಟೂ ಒಟ್ಟಿಗೆ ಎದ್ದು ಬಂದು ಪಕ್ಕದಲ್ಲಿ ಕೂತಂತಾಯಿತು.

ಮನೆಗೆ ಬಂದವಳೇ ಅತ್ತೆಗೆ ಉಪನ್ಯಾಸ ಕೊಟ್ಟೆ. ಅವರು ಗಲ್ಲಕ್ಕೆ ಕೈಯಿಟ್ಟು ಪೂರ್ತಿ ಕೇಳಿ, "ಛೆ, ಪಾಪ! ಆದ್ರೆ ದೃಷ್ಟಿಬೊಂಬಿಗೆ ನಾವೂ ಮಸಿಯೇ ಅಲ್ದಾ ಬಳುದ್? ಬಿಳಿ ಬಳದ್ರೆ ಯಾರ್ ಹೆದ್ರತ್ರ್ ಮಾರಾಯ್ತಿ?" ಎಂದರು. ಆಮೇಲೆ ಅವರೇ ಕರಗಿ, "ಬದ್ಲಿ ಇನ್ನೊಂದ್ ಕಟ್ಟಿರೆ ಇದನ್ನ ಇಳ್ಸ್ಲಕ್" ಎಂದರು. ಇಂಥ ಗೊಂಬೆಯನ್ನು ಮಗುವಿಗೆ ಕೊಡುವುದೇ ಬೇಡವೇನೋ ಎಂದು ಒಮ್ಮೆ ಅನ್ನಿಸಿತು. ಆದರೆ ಯಾರೋ ನಗುವುದಕ್ಕೆ ಮಾಡಿದ್ದನ್ನು ಅವಳು ಮುದ್ದಿಸುವುದಕ್ಕೆ ಕೇಳುತ್ತಿದ್ದಳು. ಕೊಡುವುದಿಲ್ಲ ಎನ್ನಲು ನನ್ನಿಂದಾಗಲಿಲ್ಲ.

ಭಾನುವಾರ ಒಂದು ಹಳೇ ಮಡಕೆ ಹಿಡಿದು ಕೂತೆ. ಯಾವಾಗಲೂ ಕಪ್ಪೇ ಯಾಕೆ ನೇತಾಡಬೇಕು, ಒಂದು ಸಲ ಬಿಳಿಯೂ ನೇತಾಡಲಿ ಎಂಬ ಹಠ ನನಗೆ. ದಪ್ಪಗೆ ಸುಣ್ಣ ಬಳಿದೆ. "ಮೂಗ್ ಉದ್ದ ಮಾಡ್" ಎಂದಳು ಸುಮಿ. ಉದ್ದ ಮಾಡಿದೆ. ಮೂಗಿನ ಕೆಳಗೆ ಪೊರಕೆಯಂಥ ಮೀಸೆ, ಮೇಲೆ ದುಂಡು ಕನ್ನಡಕ, ಮುಂದೆ ಚಾಚಿದ ಎರಡು ಹಲ್ಲು. ಏನು ಹೇಳಲಿ, ಕೈ ತನ್ನಷ್ಟಕ್ಕೇ ಓಡುತ್ತಿತ್ತು. ಮೇಸ್ತ್ರಿ ಏಣಿ ಹತ್ತಿ ಗೊಂಬೆಯನ್ನು ಇಳಿಸಿ ಸುಮಿಯ ಕೈಗೆ ಕೊಟ್ಟ, ಮಡಕೆಯನ್ನು ಕಟ್ಟಿದ. ಅಷ್ಟರಲ್ಲಿ ಇವರು ಪೇಟೆಯಿಂದ ಬಂದು ಸರಿಯಾಗಿ ಅದರ ಕೆಳಗೇ ನಿಂತರು: ಅದೇ ಮೂಗು, ಅದೇ ಮೀಸೆ, ಅದೇ ದುಂಡು ಕನ್ನಡಕ. ಮೇಸ್ತ್ರಿ ಮೇಲೊಮ್ಮೆ ನೋಡಿದ, ಕೆಳಗೊಮ್ಮೆ ನೋಡಿದ. "ಹ್ವಾಯ್, ಕಾಣಿ, ನಿಮ್ಮನ್ನೇ ಮೇಲ್ ಹತ್ಸಿದ್ರಲೆ!"

ಕೆಲಸದವರು ಗಾರೆಯ ಬಾಣಲೆ ಕೆಳಗಿಟ್ಟು ನಕ್ಕರು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ, ನಗು ತಡೆಯದೆ ಮರಳಿನ ರಾಶಿಯ ಮೇಲೆ ಕೂತುಬಿಟ್ಟೆ. ಗೊಂಬೆಯನ್ನು ಅಪ್ಪಿಕೊಂಡಿದ್ದ ಸುಮಿ ಮಾತ್ರ ನಗಲಿಲ್ಲ. "ಅಮ್ಮಾ, ಅಪ್ಪನ್ ಮೋರಿ ಕಂಡ್ ಎಲ್ಲರೂ ಎಂತಕೆ ನೆಗಾಡುದ್?"

ನಾನು ಇವರ ಕಡೆ ತಿರುಗಿ ನೋಡಿದೆ. ಇವರೂ ಎಲ್ಲರೊಂದಿಗೆ ನಗುತ್ತಲೇ ಇದ್ದರು. ಆದರೆ ಕನ್ನಡಕ ತೆಗೆದು ಮೆಲ್ಲಗೆ ಜೇಬಿಗೆ ಹಾಕಿಕೊಂಡದ್ದು ನನ್ನ ಕಣ್ಣಿಗೆ ಬಿತ್ತು. ಮುಖಕ್ಕೆ ಮಸಿ ಬಳಿದುಕೊಂಡ ಆ ಬಿಳಿಯರೂ ಹೀಗೇ ಶುರು ಮಾಡಿರಬೇಕು. ಕೈ ಚೆನ್ನಾಗಿ ಓಡಿತು, ನಾಲ್ಕು ಜನ ನಕ್ಕರು, ಇನ್ನೇನು ಬೇಕು? ಸುಣ್ಣದ ಡಬ್ಬ ಎತ್ತಿಕೊಂಡೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಬ್ರಷ್ಷನ್ನು ಹಲ್ಲಲ್ಲಿ ಕಚ್ಚಿ ಮೀಸೆ ಅಳಿಸಲು ಏಣಿ ಹತ್ತಿದೆ. ಅರ್ಧ ಹತ್ತುವಷ್ಟರಲ್ಲಿ ಸುಣ್ಣ ನನ್ನ ಮೂಗಿನ ಮೇಲೇ ಚೆಲ್ಲಿ, ಕೆಳಗೆ ಮತ್ತೆ ನಗು ಎದ್ದಿತು. ನಗಲಿ ಬಿಡಿ, ಈ ಸಲ ಮೋರೆ ನನ್ನದು.