ಅತ್ತೆಯವರ ಹಿಡಿಕೆಯನ್ನು ಹಗುರ ಮಾಡಿಕೊಟ್ಟ ತಂತ್ರಾಂಶಕ್ಕೆ

ಮಾನ್ಯ ತಂತ್ರಾಂಶದವರೇ,

ಒಂದು ವಸ್ತುವಿನಲ್ಲಿ ಭಾರ ಹೊರದೆ ಸುಮ್ಮನೆ ಕುಳಿತಿರುವ ಭಾಗವನ್ನೆಲ್ಲ ಹುಡುಕಿ ಕಿತ್ತುಹಾಕಿ, ದುಡಿಯುವ ಭಾಗವನ್ನಷ್ಟೇ ಉಳಿಸಿಕೊಡುವ ತಮ್ಮ ಅಪಾರ ವಿವೇಕಕ್ಕೆ, ಹದಿನೇಳು ವರ್ಷಗಳಿಂದ ಆಸ್ಪತ್ರೆಯ ಮಂಚಗಳ ಬಿಡಿಭಾಗಗಳನ್ನು ವಿನ್ಯಾಸ ಮಾಡುತ್ತಾ ಬಂದಿರುವ ಈ ಬಡಪಾಯಿಯ ನಮಸ್ಕಾರಗಳು. ತಮ್ಮ ಮೇಲೆ ನನ್ನದೊಂದು ದೂರಿದೆ: ತಾವು ನನ್ನ ಮಾತನ್ನು ಚಾಚೂ ತಪ್ಪದೆ ಕೇಳುತ್ತೀರಿ.

ಮಂಡಿಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ನಮ್ಮಲ್ಲಿಗೆ ಬಂದ ಅತ್ತೆಯವರಿಗೆ, ಸ್ನಾನದ ಸ್ಟೂಲಿನಿಂದ ಏಳಲು ಬಚ್ಚಲಿನ ಗೋಡೆಯಲ್ಲೊಂದು ಹಿಡಿಕೆ ಬೇಕಾಗಿತ್ತು. ಅಂಗಡಿಯ ಸ್ಟೀಲ್ ಹಿಡಿಕೆಯೇ ಸಾಕೆಂದಳು ಹೆಂಡತಿ. ಅಳಿಯನೇ ವಿನ್ಯಾಸಗಾರನಾಗಿರುವಾಗ ಅಂಗಡಿಯದೇ? ತಮ್ಮ ಮುಂದೆ ಕುಳಿತು, ಅರವತ್ತೆಂಟು ಕಿಲೋ ಭಾರ ನೇರ ಕೆಳಕ್ಕೆ ಬೀಳುತ್ತದೆಂದು ನಮೂದಿಸಿ, ಬೇರೆ ದಿಕ್ಕಿನ ಬಲವೇನಾದರೂ ಇದೆಯೇ ಎಂದು ತಾವು ಕೇಳಿದ ಚೌಕವನ್ನು ಗತ್ತಿನಿಂದ ಖಾಲಿ ಬಿಟ್ಟೆ. ತಾವು ಮರುಮಾತಾಡದೆ ಆರುನೂರು ಗ್ರಾಮಿನ ಹಿಡಿಕೆಯನ್ನು ನೂರೆಂಬತ್ತಕ್ಕಿಳಿಸಿ, ಎಲೆಯ ನರಗಳಂಥ ಸೊಗಸಾದ ಎಳೆಗಳನ್ನಷ್ಟೇ ಉಳಿಸಿಕೊಟ್ಟಿರಿ. ತ್ರೀಡಿ ಮುದ್ರಣಯಂತ್ರ ಕರಗಿದ ಪ್ಲಾಸ್ಟಿಕ್ಕನ್ನು ಪದರದ ಮೇಲೆ ಪದರವಿಟ್ಟು ಹನ್ನೊಂದು ಗಂಟೆಯಲ್ಲಿ ಅದನ್ನು ಹೆತ್ತಿತು. ಫೋಟೋ ತೆಗೆದು ಕಚೇರಿಯವರಿಗೆಲ್ಲ ಕಳಿಸಿದೆ. ಹಿಡಿಯಬೇಕಾದವರನ್ನು ಮಾತ್ರ ಏನೂ ಕೇಳಲಿಲ್ಲ.

ಗೋಡೆಗೆ ಬಿಗಿದ ಮೂರನೆಯ ಬೆಳಿಗ್ಗೆ ಅದು ಲಟಕ್ಕೆಂದು ಮುರಿದು, ಅತ್ತೆಯವರು ಒಗೆಯುವ ಬಟ್ಟೆಯ ರಾಶಿಯ ಮೇಲೆ ಕುಸಿದರು. ಮಂಡಿ ಉಳಿಯಿತು, ಬಲಗೈ ಮಣಿಕಟ್ಟು ಉಳುಕಿತು. ಲೆಕ್ಕವೇನೋ ಸರಿಯಾಗಿಯೇ ಇತ್ತೆಂದು ನಾನು ತುಂಡುಗಳನ್ನು ಹಿಡಿದು ಗೊಣಗಿದೆ.

“ಸರಿಯಾಗಿದ್ರೆ ಅಮ್ಮ ಯಾಕ್ರೀ ಬಟ್ಟೆ ಮೇಲೆ ಬಿದ್ದಿದ್ದಾರೆ?” ಎಂದಳು ಹೆಂಡತಿ.

ಅತ್ತೆಯವರು ಕೋಪವನ್ನೂ ಮಾಡಿಕೊಳ್ಳಲಿಲ್ಲ. “ಅಳಿಯಂದ್ರೇ, ನಾನು ಹೇಗೆ ಏಳ್ತೀನಿ ಅಂತ ಒಂದ್ಸಲ ನೋಡ್ಬಹುದಿತ್ತಲ್ವಾ?” ಎಂದರು, ಅಷ್ಟೇ. ಅಂದಿನಿಂದ ಸ್ನಾನಕ್ಕೂ ಮಗಳ ಹೆಗಲೇ ಆಯಿತು, ಆ ಸಂಕೋಚಕ್ಕೆ ಅವರು ಎರಡು ದಿನಕ್ಕೊಮ್ಮೆ ಮಾತ್ರ ಸ್ನಾನ ಮಾಡತೊಡಗಿದರು. ನನಗೆ ಮುಖವೆತ್ತಲಾಗಲಿಲ್ಲ.

ಆದ್ದರಿಂದ ಮಾನ್ಯರೇ, ನನ್ನಂಥವನು ಇನ್ನು ಮುಂದೆ ಚೌಕ ಖಾಲಿ ಬಿಟ್ಟರೆ ತಾವು ಪರದೆಯಿಂದ ಕೈಚಾಚಿ ಕಿವಿ ಹಿಂಡಬೇಕೆಂದೂ, ಮಂಡಿನೋವಿನವರ ಒಪ್ಪಿಗೆ ಪತ್ರವಿಲ್ಲದೆ ಒಂದು ಗ್ರಾಮನ್ನೂ ಕೆರೆಯಬಾರದೆಂದೂ ವಿನಂತಿಸುತ್ತೇನೆ.

ಕೈಯ ಉಳುಕು ಇಳಿದ ಮೇಲೆ ರಜೆ ಹಾಕಿ, ಹಜಾರದ ಕಿಟಕಿಯ ಸರಳಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ಅದನ್ನು ಹಿಡಿದು ಸ್ಟೂಲಿನಿಂದ ಎದ್ದು ತೋರಿಸಬೇಕೆಂದು ಅತ್ತೆಯವರನ್ನು ಬೇಡಿಕೊಂಡೆ. ಅವರು ಕೆಳಕ್ಕೆ ಒತ್ತಲೇ ಇಲ್ಲ. ನೋಯುವ ಕಾಲನ್ನು ತಪ್ಪಿಸಲು ಎಡಕ್ಕೆ ಹೊರಳಿ, ಇಪ್ಪತ್ತಾರು ಕಿಲೋದಷ್ಟು ಪಕ್ಕಕ್ಕೆ ಜಗ್ಗಿದರು. ಅದನ್ನು ನಮೂದಿಸಿದೊಡನೆ ತಾವು ಬೇಕಾದಲ್ಲಿಗೆ ಮಾಂಸಖಂಡ ತುಂಬಿದಿರಿ. ಎಳೆತಕ್ಕೆ ಪದರಗಳು ಬಿಟ್ಟುಕೊಳ್ಳದಂತೆ ನಾನು ಅದನ್ನು ಮಲಗಿಸಿ ಮುದ್ರಿಸಿದೆ. ನಾನೂರ ನಲವತ್ತು ಗ್ರಾಮಿನ, ಶುಂಠಿಗಡ್ಡೆಯಂತೆ ಕುರೂಪವಾದ ಹಿಡಿಕೆ. ಫೋಟೋ ತೆಗೆಯಲಿಲ್ಲ.

“ಮೊದ್ಲು ನೀವು ಜೋತು ಬೀಳಿ, ನೋಡೋಣ” ಎಂದರು ಅತ್ತೆಯವರು. ಎಂಬತ್ತೊಂಬತ್ತು ಕಿಲೋದ ನಾನು ಕಾಲು ಮಡಚಿ ಬಚ್ಚಲಿನಲ್ಲಿ ಎಡಕ್ಕೂ ಬಲಕ್ಕೂ ತೂಗಾಡಿದೆ. ಹಿಡಿಕೆ ಮಿಸುಕಲಿಲ್ಲ. ಸಾಕೆನ್ನಲು ಅವರು ಅವಸರವನ್ನೇನೂ ತೋರಲಿಲ್ಲ. ಆಮೇಲೆ ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ನೀರಿನ ಸದ್ದು ನಿಂತಿತು, ಸ್ಟೂಲು ಕಿರುಗುಟ್ಟಿತು. ತಲೆಗೆ ಟವೆಲ್ ಸುತ್ತಿಕೊಂಡು ಅವರು ಒಬ್ಬರೇ ನಡೆದು ಬಂದರು.

ಕಾಲು ಮಡಚಿದ ಸ್ಥಿತಿಯಲ್ಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದ,
ಒಬ್ಬ ವಿನ್ಯಾಸಗಾರ

ವಿ.ಸೂ.: ಮುರಿದದ್ದು ಅಳಿಯಂದಿರು ಮಾಡಿದ್ದೆಂದೂ, ಮುರಿಯದ್ದು ಕಂಪ್ಯೂಟರ್ ಮಾಡಿದ್ದೆಂದೂ ಅತ್ತೆಯವರು ಪಕ್ಕದ ಮನೆಯವರಿಗೆ ಹೇಳುತ್ತಿದ್ದಾರೆ. ತಾವು ಇದನ್ನು ಈವರೆಗೂ ಅಲ್ಲಗಳೆದಿಲ್ಲ ಎಂಬುದನ್ನು ಗಮನಿಸಿದ್ದೇನೆ.